ಲೆಕ್ಕದ ನಡುವೆ ನಿಂತುಹೋಗುವ ಲ್ಯಾಪ್‌ಟಾಪ್: ಕಾರಣವನ್ನು ಹುಡುಕುವ ಕ್ರಮ

ಒಂದು ಕಾಲಕ್ಕೆ ಅಡತಿ ಅಂಗಡಿಯ ಗಾದಿಯ ಮೇಲೆ ಕೆಂಪು ಬಟ್ಟೆಯ ರಟ್ಟು ಹಾಕಿದ ಖಾತೆ-ಕಿರ್ದಿ ಪುಸ್ತಕಗಳಿರುತ್ತಿದ್ದವು. ಇಂದು ಆ ಸ್ಥಾನವನ್ನು ಲ್ಯಾಪ್‌ಟಾಪ್ ಆಕ್ರಮಿಸಿದೆ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಅದಕ್ಕೂ ಕುಂಕುಮ ಹಚ್ಚಿ ಹೂವಿಡುವ ಅಂಗಡಿಗಳು ನಮ್ಮ ಭಾಗದಲ್ಲಿ ಕಡಿಮೆಯೇನಿಲ್ಲ. ಆದರೆ ಹಳೆಯ ಕಿರ್ದಿ ಪುಸ್ತಕಕ್ಕೂ ಈ ಹೊಸ ಯಂತ್ರಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಬರೆಯುತ್ತಿರುವಾಗಲೇ ಪುಸ್ತಕವು ತಾನಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಕೊಳ್ಳಬಲ್ಲದು; ಕೆಲವೊಮ್ಮೆ ಬರೆದುದನ್ನೂ ತನ್ನೊಡನೆ ಕೊಂಡೊಯ್ಯಬಲ್ಲದು.

ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರ ಹಾಗೂ ವಿಜಯಪುರ ನಗರದ ಸುತ್ತಲಿನ ಒಣದ್ರಾಕ್ಷಿ ಘಟಕಗಳು, ಶೀತಲಗೃಹಗಳು, ಹಿಟ್ಟು ಹಾಗೂ ಬೇಳೆಯ ಗಿರಣಿಗಳು, ಅಡತಿ ಅಂಗಡಿಗಳು ಈಗ ಬಹುಮಟ್ಟಿಗೆ ಗಣಕದ ಲೆಕ್ಕವನ್ನೇ ನೆಚ್ಚಿವೆ. 2024ರ ಫೆಬ್ರುವರಿಯಲ್ಲಿ ಮಂಡಿತವಾದ ರಾಜ್ಯ ಆಯವ್ಯಯದಲ್ಲಿ ಆಹಾರ ಪಾರ್ಕಿನ ತಾಣವಾಗಿ ಇಟ್ಟಂಗಿಹಾಳದ ಹೆಸರು ಬಂದ ಮೇಲಂತೂ ಈ ಭಾಗದ ಸಣ್ಣ ಉದ್ಯಮಿಗಳ ಲೆಕ್ಕಪತ್ರದ ಅಚ್ಚುಕಟ್ಟುತನಕ್ಕೆ ಹೆಚ್ಚಿನ ಮಹತ್ತ್ವ ಬಂದಿದೆ. ಆದುದರಿಂದ ಲ್ಯಾಪ್‌ಟಾಪ್ ಸೂಚನೆಯಿಲ್ಲದೆ ನಿಂತುಹೋದರೆ ಕಾರಣವನ್ನು ಯಾವ ಕ್ರಮದಲ್ಲಿ ಹುಡುಕಬೇಕು, ಯಾವುದನ್ನು ನಾವೇ ಮಾಡಬಹುದು, ಯಾವುದನ್ನು ತಂತ್ರಜ್ಞರಿಗೆ ಬಿಡಬೇಕು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಇದರಲ್ಲಿ ನಷ್ಟವೇನು?

ತಿಂಗಳ ವಿವರಪತ್ರ ಸಲ್ಲಿಸುವ ವ್ಯಾಪಾರಿಯು ಜಿಎಸ್‌ಟಿಆರ್-1 ಅನ್ನು ಮುಂದಿನ ತಿಂಗಳ 11ರೊಳಗೆ, ಜಿಎಸ್‌ಟಿಆರ್-3ಬಿ ಯನ್ನು 20ರೊಳಗೆ ಸಲ್ಲಿಸಬೇಕು. ತಡವಾದರೆ ದಿನಕ್ಕೆ 50 ರೂಪಾಯಿಯಂತೆ ವಿಳಂಬ ಶುಲ್ಕ, ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18ರಂತೆ ಬಡ್ಡಿ. ಇವೆರಡೂ ಕಣ್ಣಿಗೆ ಕಾಣುವ ನಷ್ಟಗಳು. ಕಾಣದ ನಷ್ಟ ಇನ್ನೊಂದಿದೆ. ಮಾರಿದವನ ಜಿಎಸ್‌ಟಿಆರ್-1 ಸಕಾಲಕ್ಕೆ ಹೋಗದಿದ್ದರೆ ಕೊಂಡವನ ಜಿಎಸ್‌ಟಿಆರ್-2ಬಿ ಯಲ್ಲಿ ಆ ಬಿಲ್ಲು ಆ ತಿಂಗಳು ಕಾಣಿಸದು. ಅವನಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ಸಾಂಗಲಿಯ ಅಥವಾ ಸೊಲ್ಲಾಪುರದ ಖರೀದಿದಾರನು ಒಮ್ಮೆ ತಾಳಿಕೊಂಡಾನು. ಎರಡನೆಯ ಬಾರಿ ಬೇರೆ ಅಂಗಡಿಯ ಬಾಗಿಲಿಗೆ ಹೋದಾನು. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಬೇಕು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಅದನ್ನು ಜಾರಿಗೊಳಿಸಿದ ಮೊದಲ ರಾಜ್ಯ ನಮ್ಮದೇ. ಲಾರಿ ತುಂಬಿ ನಿಂತಿರುವಾಗ ಲ್ಯಾಪ್‌ಟಾಪ್ ಕೈಕೊಟ್ಟರೆ ಹಮಾಲಿ, ಬಾಡಿಗೆ, ಚಾಲಕನ ಭತ್ಯೆ ಎಲ್ಲವೂ ಏರುತ್ತ ಹೋಗುತ್ತವೆ.

ಕಾನೂನಿನ ಹೊಣೆಯೂ ಇದೆ. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಪತ್ರದ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿರಿಸಬೇಕು. ಗಣಕದಲ್ಲಿರುವ ಲೆಕ್ಕಕ್ಕೆ ತಕ್ಕ ಪ್ರತಿಯನ್ನು ಇರಿಸಿಕೊಂಡು, ಮೂಲವು ನಾಶವಾದರೆ ಸಮಂಜಸ ಕಾಲದೊಳಗೆ ಮರಳಿ ಪಡೆಯುವಂತಿರಬೇಕೆಂದು ನಿಯಮ 57 ಹೇಳುತ್ತದೆ. ಲ್ಯಾಪ್‌ಟಾಪ್ ಕೆಟ್ಟಿತೆಂಬುದು ಅಧಿಕಾರಿಯ ಮುಂದೆ ಉತ್ತರವಾಗಲಾರದು.

ಮೊದಲ ನಿಯಮ: ಯಂತ್ರಕ್ಕಿಂತ ಮುಂಚೆ ಲೆಕ್ಕ

ಯಂತ್ರ ಒಮ್ಮೆ ನಿಂತು ಮತ್ತೆ ಹೊತ್ತಿಕೊಂಡಿತೆಂದರೆ, ಮಾಡತಕ್ಕ ಮೊದಲ ಕೆಲಸ ಕಾರಣ ಹುಡುಕುವುದಲ್ಲ. ಲೆಕ್ಕದ ಕಡತಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೋ ಪೆನ್ ಡ್ರೈವಿಗೋ ನಕಲು ಮಾಡಿಕೊಳ್ಳುವುದು. ಹತ್ತು ಸಲ ಹೊತ್ತಿಕೊಂಡ ಯಂತ್ರ ಹನ್ನೊಂದನೆಯ ಸಲ ಹೊತ್ತಿಕೊಳ್ಳುವುದೆಂಬ ಭರವಸೆಯಿಲ್ಲ. ಡಿಸ್ಕನ್ನು ಪರೀಕ್ಷಿಸುವ, ಸರಿಪಡಿಸುವ ಎಲ್ಲ ಉಪಕರಣಗಳೂ ಅದನ್ನು ಮತ್ತಷ್ಟು ದುಡಿಸುತ್ತವೆ. ಸಾಯುತ್ತಿರುವ ಡಿಸ್ಕಿಗೆ ಆ ದುಡಿಮೆಯೇ ಕೊನೆಯದಾಗಬಹುದು.

ಹಳೆಯ ಪ್ರತಿಯ ಮೇಲೆ ಹೊಸದನ್ನು ಬರೆಯಬಾರದು. ಯಂತ್ರ ನಿಂತ ಕ್ಷಣದಲ್ಲಿ ಲೆಕ್ಕದ ಕಡತವೇ ಕೆಟ್ಟಿದ್ದರೆ, ಕೆಟ್ಟ ಪ್ರತಿ ಒಳ್ಳೆಯದನ್ನು ಅಳಿಸಿಹಾಕುತ್ತದೆ. ದಿನಾಂಕದ ಹೆಸರಿನ ಹೊಸ ಫೋಲ್ಡರಿನಲ್ಲಿ ಇಡಬೇಕು. ಟ್ಯಾಲಿ ಬಳಸುವವರು ಕಂಪನಿಯನ್ನು ತೆರೆದಾಗ ದತ್ತಾಂಶ ಕೆಟ್ಟಿದೆಯೆಂಬ ಸಂದೇಶ ಬಂದರೆ, ಟ್ಯಾಲಿಪ್ರೈಮ್‌ನಲ್ಲಿ ಡೇಟಾ ಮೆನುವಿನ ರಿಪೇರ್ ಸೌಲಭ್ಯವಿದೆ. ಹಳೆಯ ಟ್ಯಾಲಿ ಇಆರ್‌ಪಿ 9ರಲ್ಲಿ ಕಂಟ್ರೋಲ್, ಆಲ್ಟ್, ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮರುಬರಹ ನಡೆಯುತ್ತದೆ. ಎರಡಕ್ಕೂ ಮುಂಚೆ ಇದ್ದಂತೆಯೇ ಒಂದು ಪ್ರತಿ ತೆಗೆದಿಡುವುದು ಕಡ್ಡಾಯ.

ನಿಂತ ಬಗೆ ಯಾವುದು?

ವೈದ್ಯನು ಜ್ವರವೆಂದ ಕೂಡಲೇ ಮಾತ್ರೆ ಕೊಡುವುದಿಲ್ಲ. ಚಳಿಯಿದೆಯೇ, ಯಾವ ಹೊತ್ತಿಗೆ ಬರುತ್ತದೆ ಎಂದು ಕೇಳುತ್ತಾನೆ. ಹಾಗೆಯೇ ಲ್ಯಾಪ್‌ಟಾಪ್ ನಿಲ್ಲುವುದರಲ್ಲಿಯೂ ನಾಲ್ಕು ಬಗೆಗಳಿವೆ.

1. ದೀಪ ಆರಿದಂತೆ ಒಮ್ಮೆಲೇ ಆರುವುದು. ಪರದೆಯ ಮೇಲೆ ಯಾವ ಸಂದೇಶವೂ ಇರುವುದಿಲ್ಲ. ಇಲ್ಲಿ ಮೊದಲ ಶಂಕೆ ಶಾಖದ ಮೇಲೆ, ಬ್ಯಾಟರಿಯ ಮೇಲೆ, ವಿದ್ಯುತ್ತಿನ ಮೇಲೆ.

2. ನೀಲಿ ಪರದೆ. ಕಾರ್ಯವ್ಯವಸ್ಥೆಯು ಮುಂದುವರಿದರೆ ಹಾನಿ ಹೆಚ್ಚೆಂದು ತಿಳಿದು ತಾನೇ ಕೆಲಸ ನಿಲ್ಲಿಸಿ, ಕಾರಣದ ಸಂಕೇತವೊಂದನ್ನು ತೋರಿಸುತ್ತದೆ. ವಿಂಡೋಸ್ 11ರಲ್ಲಿ 2025ರಿಂದ ಈ ಪರದೆ ಕಪ್ಪಾಗಿದೆ, ಅರ್ಥ ಬದಲಾಗಿಲ್ಲ. ಇಲ್ಲಿ ಶಂಕೆ ಡ್ರೈವರ್ ತಂತ್ರಾಂಶ, ಮೆಮೊರಿ, ಡಿಸ್ಕುಗಳ ಮೇಲೆ.

3. ಪರದೆ ಇದ್ದಂತೆಯೇ ಸ್ತಬ್ಧವಾಗುವುದು. ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ ನೋಡಬೇಕು. ಅದರ ಪುಟ್ಟ ದೀಪ ಹೊತ್ತಿ ಆರುತ್ತಿದ್ದರೆ ಯಂತ್ರ ಒಳಗೆ ಜೀವಂತವಿದೆ, ಯಾವುದೋ ಒಂದು ಕೆಲಸ ಸಿಕ್ಕಿಹಾಕಿಕೊಂಡಿದೆ. ಕೆಲ ನಿಮಿಷ ಕಾಯುವುದು ಲೇಸು. ದೀಪವೂ ಸ್ಪಂದಿಸದಿದ್ದರೆ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಅದುಮಿ ಹಿಡಿದು ಆರಿಸುವುದೊಂದೇ ದಾರಿ.

4. ಒಂದು ತಂತ್ರಾಂಶ ಮಾತ್ರ ಮುಚ್ಚಿಕೊಳ್ಳುವುದು. ಉಳಿದವು ನಡೆಯುತ್ತಿದ್ದರೆ ಇದು ಯಂತ್ರದ ರೋಗವಲ್ಲ. ಆ ತಂತ್ರಾಂಶವನ್ನು ನವೀಕರಿಸುವುದು ಅಥವಾ ಮರುಸ್ಥಾಪಿಸುವುದು ಸಾಕಾಗಬಹುದು.

ನೀಲಿ ಪರದೆ ಕಣ್ಣು ಮಿಟುಕಿಸುವುದರೊಳಗೆ ಹೋಗಿ ಯಂತ್ರ ಮರುಚಾಲನೆಗೊಳ್ಳುತ್ತಿದ್ದರೆ, ಸಿಸ್ಟಮ್ ಗುಣಲಕ್ಷಣಗಳ ಅಡ್ವಾನ್ಸ್‌ಡ್ ಪುಟದಲ್ಲಿರುವ ಸ್ಟಾರ್ಟಪ್ ಅಂಡ್ ರಿಕವರಿ ವಿಭಾಗದಲ್ಲಿ ತಾನಾಗಿ ಮರುಚಾಲನೆಗೊಳ್ಳುವ ಆಯ್ಕೆಯ ಗುರುತನ್ನು ತೆಗೆಯಬೇಕು. ಆಗ ಪರದೆ ನಿಲ್ಲುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬಹುದು.

ಎರಡು ದಾಖಲೆಗಳು: ನಿಮ್ಮದೊಂದು, ಯಂತ್ರದ್ದೊಂದು

ನೂರು ಪುಟದ ಒಂದು ನೋಟ್ ಬುಕ್ಕನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿಡಿ. ಪ್ರತಿ ಬಾರಿ ನಿಂತಾಗಲೂ ದಿನಾಂಕ, ಗಂಟೆ, ನಿಂತ ಬಗೆ, ನಡೆಯುತ್ತಿದ್ದ ಕೆಲಸ, ಅಡಾಪ್ಟರ್ ಜೋಡಿಸಿತ್ತೇ ಬ್ಯಾಟರಿಯಲ್ಲಿತ್ತೇ, ತಳ ಬಿಸಿಯಿತ್ತೇ, ಆ ಕ್ಷಣದಲ್ಲಿ ಕರೆಂಟು ಹೋಯಿತೇ ಬಂದಿತೇ, ಹೊಸದಾಗಿ ಏನನ್ನು ಜೋಡಿಸಲಾಗಿತ್ತು ಎಂಬುದನ್ನು ಬರೆಯಿರಿ. ಗುಮಾಸ್ತರಿಗೂ ಇದನ್ನು ಕಲಿಸಿರಿ. ಐದಾರು ಸಾಲು ತುಂಬಿದ ಮೇಲೆ ಆ ಪುಟವೇ ಅರ್ಧ ಉತ್ತರ ಹೇಳುತ್ತದೆ.

ಯಂತ್ರವೂ ತನ್ನದೇ ದಿನಚರಿ ಬರೆಯುತ್ತದೆ. ಸ್ಟಾರ್ಟ್ ಮೆನುವಿನ ಹುಡುಕಾಟದಲ್ಲಿ ರಿಲಯಬಿಲಿಟಿ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿದರೆ ರಿಲಯಬಿಲಿಟಿ ಹಿಸ್ಟರಿ ತೆರೆಯುತ್ತದೆ. ಅದರಲ್ಲಿ ದಿನದಿನದ ಕೋಷ್ಟಕವಿದ್ದು, ಯಂತ್ರ ಅಥವಾ ತಂತ್ರಾಂಶ ಕೆಟ್ಟು ನಿಂತ ದಿನ ಕೆಂಪು ಗುರುತು ಇರುತ್ತದೆ. ಅದೇ ದಿನ ಯಾವ ತಂತ್ರಾಂಶ ಅಥವಾ ನವೀಕರಣ ಸೇರಿತೆಂಬುದೂ ಕೆಳಗೆ ಕಾಣುತ್ತದೆ. ಗುರುತುಗಳು ಯಾವ ದಿನದಿಂದ ಆರಂಭವಾದವು, ಅದರ ಹಿಂದಿನ ದಿನ ಏನು ಬದಲಾಯಿತು ಎಂದು ನೋಡುವುದು ಅತ್ಯಂತ ಫಲಕಾರಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಈವೆಂಟ್ ವ್ಯೂವರ್ ತೆರೆದರೆ ಕರ್ನಲ್-ಪವರ್ 41 ಎಂಬ ನಮೂದು ಸಿಗುತ್ತದೆ. ಪವರ್ ಎಂಬ ಪದವನ್ನು ಕಂಡು ವಿದ್ಯುತ್ತಿನ ದೋಷವೆಂದು ತೀರ್ಮಾನಿಸಿ ಅಡಾಪ್ಟರ್ ಬದಲಿಸುವವರುಂಟು. ಆ ನಮೂದು ಹೇಳುವುದಿಷ್ಟೇ: ಯಂತ್ರವು ಕ್ರಮಬದ್ಧವಾಗಿ ಮುಚ್ಚದೆ ಮತ್ತೆ ಆರಂಭವಾಗಿದೆ. ಅದು ಪರಿಣಾಮದ ದಾಖಲೆ, ಕಾರಣದ್ದಲ್ಲ. ಅದರ ವಿವರಗಳಲ್ಲಿ ಬಗ್‌ಚೆಕ್ ಸಂಕೇತ ಸೊನ್ನೆಯಿದ್ದರೆ ಶಾಖ, ವಿದ್ಯುತ್ತು ಅಥವಾ ಸ್ತಬ್ಧತೆಯ ಕಡೆಗೂ, ಬೇರೆ ಸಂಖ್ಯೆಯಿದ್ದರೆ ನೀಲಿ ಪರದೆಯ ಕಾರಣಗಳ ಕಡೆಗೂ ಹೊರಳಬೇಕು.

ಶಾಖ ಮತ್ತು ಧೂಳು

ಬಹುತೇಕ ತಯಾರಕರು ಲ್ಯಾಪ್‌ಟಾಪನ್ನು 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯವರೆಗಿನ ಕೊಠಡಿಯಲ್ಲಿ ಬಳಸಬೇಕೆಂದು ಸೂಚಿಸುತ್ತಾರೆ. ನಮ್ಮ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವುದು ಸಾಮಾನ್ಯ; ತಗಡಿನ ಶೆಡ್ಡಿನೊಳಗೆ ಇನ್ನೂ ಹೆಚ್ಚು. ದ್ರಾಕ್ಷಿ ಒಣಗಿಸುವ ಹಂಗಾಮು, ಮಾರ್ಚ್ ತಿಂಗಳ ವರ್ಷಾಂತ್ಯದ ಲೆಕ್ಕ, ಬೇಸಿಗೆಯ ಝಳ ಮೂರೂ ಒಟ್ಟಿಗೆ ಬರುವ ಊರು ನಮ್ಮದು. ಯಂತ್ರಕ್ಕೆ ಹೆಚ್ಚು ಕೆಲಸ ಬೀಳುವ ಹೊತ್ತೇ ಅದು ಅತಿ ಹೆಚ್ಚು ಕಾಯುವ ಹೊತ್ತು.

ಪ್ರೊಸೆಸರ್ 100 ಡಿಗ್ರಿಯ ಸಮೀಪಕ್ಕೆ ಬಂದರೆ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆಗಲೂ ಇಳಿಯದಿದ್ದರೆ ಸುಟ್ಟುಹೋಗದಿರಲೆಂದು ಯಂತ್ರವನ್ನೇ ಆರಿಸಿಬಿಡುತ್ತದೆ. ಆದುದರಿಂದ ಆರುವ ಮುನ್ನ ಯಂತ್ರ ನಿಧಾನವಾಗುವುದು, ಫ್ಯಾನಿನ ಸದ್ದು ಏರುವುದು, ತಳ ಮುಟ್ಟಲಾರದಷ್ಟು ಕಾಯುವುದು ಇವು ಶಾಖದ ಲಕ್ಷಣಗಳು. ಅತಿಶಾಖವು ಕಾಲಕ್ರಮದಲ್ಲಿ ಬೆಸುಗೆಯನ್ನೂ ಸಡಿಲಿಸುತ್ತದೆ. 2008ರ ಜುಲೈನಲ್ಲಿ ಎನ್‌ವಿಡಿಯಾ ಕಂಪನಿಯು ಲ್ಯಾಪ್‌ಟಾಪುಗಳಲ್ಲಿದ್ದ ತನ್ನ ಕೆಲವು ಗ್ರಾಫಿಕ್ಸ್ ಚಿಪ್ಪುಗಳು ಇಂತಹ ದೋಷದಿಂದ ಕೆಡುತ್ತಿವೆಯೆಂದು ಒಪ್ಪಿ, 15ರಿಂದ 20 ಕೋಟಿ ಡಾಲರನ್ನು ಅದಕ್ಕಾಗಿ ತೆಗೆದಿಡುವುದಾಗಿ ಪ್ರಕಟಿಸಬೇಕಾಯಿತು.

ಪರಿಹಾರಗಳಲ್ಲಿ ಅಗ್ಗದ್ದೇ ಮೊದಲು. ಗಾದಿ, ಹಾಸಿಗೆ, ಚೀಲಗಳ ಮೇಲೆ ಲ್ಯಾಪ್‌ಟಾಪ್ ಇಡಬಾರದು; ತಳದ ಗಾಳಿಕಿಂಡಿಗಳು ಮುಚ್ಚಿಹೋಗುತ್ತವೆ. ಗಟ್ಟಿಯಾದ ಹಲಗೆಯ ಮೇಲೆ, ಹಿಂಬದಿಯನ್ನು ಒಂದೆರಡು ಬೆರಳು ಎತ್ತರಿಸಿ ಇಡಬೇಕು. ಗಿರಣಿಯ ಹಿಟ್ಟು, ಎರೆಮಣ್ಣಿನ ನುಣುಪು ಧೂಳು ಒಳಗಿನ ತಂಪುಗೊಳಿಸುವ ರೆಕ್ಕೆಗಳ ನಡುವೆ ಹೊದಿಕೆಯಂತೆ ಕೂರುತ್ತವೆ. ವರ್ಷಕ್ಕೊಮ್ಮೆ, ಗಿರಣಿಯಲ್ಲಾದರೆ ಎರಡು ಬಾರಿ ತಂತ್ರಜ್ಞರಿಂದ ಬಿಚ್ಚಿಸಿ ಶುಚಿಗೊಳಿಸಿ, ಉಷ್ಣವಾಹಕ ಪೇಸ್ಟನ್ನು ಹೊಸದಾಗಿ ಹಚ್ಚಿಸುವುದು ಯೋಗ್ಯ. ಕಾರ್ಖಾನೆಯ ಕಂಪ್ರೆಸರಿನ ಗಾಳಿಯನ್ನು ನೇರವಾಗಿ ಹೊಡೆಯಬಾರದು. ಅದರಲ್ಲಿ ನೀರಿನ ಹನಿಯೂ ಎಣ್ಣೆಯ ಅಂಶವೂ ಇರುತ್ತವೆ. ರಭಸಕ್ಕೆ ಪುಟ್ಟ ಫ್ಯಾನು ಅತಿವೇಗದಲ್ಲಿ ತಿರುಗಿ ಕೆಡುತ್ತದೆ.

ಒಣದ್ರಾಕ್ಷಿ ಘಟಕದವರಿಗೆ ವಿಶೇಷ ಸೂಚನೆ: ಬಣ್ಣಕ್ಕಾಗಿ ಗಂಧಕದ ಹೊಗೆ ಕೊಡುವ ಕಡೆ ಲ್ಯಾಪ್‌ಟಾಪ್ ಇರಲೇಬಾರದು. ಗಂಧಕದ ಅನಿಲಗಳು ತಾಮ್ರ, ಬೆಳ್ಳಿಗಳ ಸಂಪರ್ಕ ಬಿಂದುಗಳನ್ನು ಕಪ್ಪಾಗಿಸಿ ತಿನ್ನುತ್ತವೆ. ತೇವಾಂಶ ಸೇರಿದರೆ ಇನ್ನೂ ಬೇಗ. ಮನೆಯ ಬೆಳ್ಳಿ ಪಾತ್ರೆ ಕಪ್ಪಾಗುವುದೂ ಇದೇ ಬಗೆಯ ಕ್ರಿಯೆಯಿಂದ. ಹೀಗೆ ಕೆಟ್ಟ ಯಂತ್ರ ಒಂದು ದಿನ ನಡೆದು ಮರುದಿನ ನಿಲ್ಲುತ್ತ, ಯಾವ ಪರೀಕ್ಷೆಗೂ ಸಿಗದೆ ಕಾಡುತ್ತದೆ. ಲೆಕ್ಕದ ಕೋಣೆಯನ್ನು ಹೊಗೆಯ ಕೋಣೆಯಿಂದ ಬೇರ್ಪಡಿಸುವುದೇ ಇದಕ್ಕೆ ಮದ್ದು.

ವಿದ್ಯುತ್ತು ಮತ್ತು ಬ್ಯಾಟರಿ

ಲ್ಯಾಪ್‌ಟಾಪಿನ ಅಡಾಪ್ಟರ್ ಮೇಲೆ ಸಾಮಾನ್ಯವಾಗಿ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಎಂದರೆ 230 ವೋಲ್ಟಿನ ಲೈನು 180ಕ್ಕೆ ಇಳಿದರೂ ಅದು ಸಹಿಸಬಲ್ಲದು. ಅದು ಸಹಿಸಲಾರದ್ದು ಎರಡು: ಭಾರಿ ಮೋಟಾರುಗಳು ನಿಲ್ಲುವಾಗಲೂ ಸಿಡಿಲಿನ ಹೊತ್ತಿನಲ್ಲಿಯೂ ಲೈನಿನಲ್ಲಿ ನುಗ್ಗುವ ಏರುವೋಲ್ಟೇಜು, ಮತ್ತು ಕ್ಷಣಕಾಲದ ಸಂಪೂರ್ಣ ಕಡಿತ. ಕಡಿತವಾದಾಗ ಕೈಹಿಡಿಯಬೇಕಾದುದು ಬ್ಯಾಟರಿ. ಬ್ಯಾಟರಿ ಸತ್ತಿದ್ದರೆ ಲ್ಯಾಪ್‌ಟಾಪು ಯುಪಿಎಸ್ ಇಲ್ಲದ ಮೇಜಿನ ಗಣಕಕ್ಕೆ ಸಮ.

ಆದುದರಿಂದ ತಿಂಗಳಿಗೊಮ್ಮೆ, ಕೆಲಸ ಉಳಿಸಿ, ಅಡಾಪ್ಟರಿನ ತಂತಿ ಕಿತ್ತು ನೋಡಬೇಕು. ಯಂತ್ರ ತಕ್ಷಣ ಆರಿದರೆ ಅಥವಾ ಶೇ. 40 ತೋರಿಸುತ್ತಿದ್ದಂತೆಯೇ ಆರಿದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ. ವಿಂಡೋಸ್ ನೀಡುವ ಬ್ಯಾಟರಿ ವರದಿಯಲ್ಲಿ ಮೂಲ ಸಾಮರ್ಥ್ಯ, ಈಗಿನ ಪೂರ್ಣ ಸಾಮರ್ಥ್ಯ ಎರಡೂ ಇರುತ್ತವೆ. ಮೂಲ 42,000 ಇದ್ದು ಈಗ 18,900 ಉಳಿದಿದ್ದರೆ ಸಾಮರ್ಥ್ಯ ಶೇ. 45ಕ್ಕೆ ಇಳಿದಿದೆಯೆಂದು ಲೆಕ್ಕ. ಬದಲಿ ಅಡಾಪ್ಟರ್ ಕೊಳ್ಳುವಾಗ ಪಿನ್ನು ಹೊಂದಿದರೆ ಸಾಲದು. ವೋಲ್ಟು ಒಂದೇ ಇರಬೇಕು, ವ್ಯಾಟು ಮೂಲದಷ್ಟೇ ಅಥವಾ ಹೆಚ್ಚಿರಬೇಕು. 65 ವ್ಯಾಟಿನ ಯಂತ್ರಕ್ಕೆ 45 ವ್ಯಾಟಿನದನ್ನು ಹಾಕಿದರೆ ಭಾರದ ಕೆಲಸದಲ್ಲಿ ಬ್ಯಾಟರಿ ಬರಿದಾಗುತ್ತ ಹೋಗುತ್ತದೆ.

ಲೋಹದ ಮೈ ಮುಟ್ಟಿದಾಗ ಜುಮ್ಮೆಂದರೆ ಮೂರನೆಯ ಪಿನ್ನಿನ ಅರ್ಥಿಂಗ್ ಇಲ್ಲವೆಂದು ತಿಳಿಯಬೇಕು. ಮೈ ಉಬ್ಬಿದ ಬ್ಯಾಟರಿಯನ್ನು ಒಂದು ದಿನವೂ ಬಳಸಬಾರದು, ಚುಚ್ಚಬಾರದು, ಕಸದಲ್ಲಿ ಎಸೆಯಬಾರದು. 2006ರ ಆಗಸ್ಟಿನಲ್ಲಿ ಡೆಲ್ ಕಂಪನಿಯು ಬೆಂಕಿಯ ಅಪಾಯದ ಕಾರಣ ಸೋನಿ ತಯಾರಿಸಿದ 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದ ಸಂಗತಿಯನ್ನು ಇಲ್ಲಿ ನೆನೆಯಬಹುದು.

ಮೆಮೊರಿ ಮತ್ತು ಡಿಸ್ಕು

ನೀಲಿ ಪರದೆಯ ಸಂಕೇತಗಳಲ್ಲಿ ಕೆಲವು ದಾರಿ ತೋರಿಸುತ್ತವೆ. ಮೆಮೊರಿ ಮ್ಯಾನೇಜ್‌ಮೆಂಟ್ ಅಥವಾ ಪೇಜ್ ಫಾಲ್ಟ್ ಎಂದಿದ್ದು, ಪ್ರತಿ ಬಾರಿಯೂ ಬೇರೆ ಬೇರೆ ಕೆಲಸದಲ್ಲಿ ನಿಲ್ಲುತ್ತಿದ್ದರೆ ಮೆಮೊರಿಯನ್ನು ಶಂಕಿಸಬೇಕು. ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂದರೆ ಡಿಸ್ಕು ಅಥವಾ ಅದರ ಡ್ರೈವರ್. ವಿಡಿಯೋ ಟಿಡಿಆರ್ ಎಂದರೆ ಗ್ರಾಫಿಕ್ಸ್. ವೀಯಾ ಅನ್‌ಕರೆಕ್ಟಬಲ್ ಎರರ್ ಎಂದರೆ ಯಂತ್ರಾಂಶದ ದೋಷ. ಶಾಖವೂ ಅದಕ್ಕೆ ಕಾರಣವಾಗಬಹುದು. ಇವು ಸುಳಿವುಗಳೇ ಹೊರತು ತೀರ್ಪುಗಳಲ್ಲ.

ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಉಪಕರಣ ಯಂತ್ರದಲ್ಲಿಯೇ ಇದೆ. ಸಂಜೆ ಅಂಗಡಿ ಮುಚ್ಚುವಾಗ ವಿಸ್ತೃತ ಪರೀಕ್ಷೆಗೆ ಹಚ್ಚಿ ಹೋದರೆ ಬೆಳಗಿಗೆ ಫಲಿತಾಂಶ ಸಿಗುತ್ತದೆ. ಒಂದೇ ಒಂದು ದೋಷ ಕಂಡರೂ ಮೆಮೊರಿ ಪಟ್ಟಿಯನ್ನು ಬಿಚ್ಚಿ ಕೂರಿಸಿ ಮತ್ತೆ ಪರೀಕ್ಷಿಸಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಇಟ್ಟು ನೋಡಿದರೆ ತಪ್ಪಿತಸ್ಥ ಯಾವುದೆಂದು ಗೊತ್ತಾಗುತ್ತದೆ.

ಡಿಸ್ಕಿನ ಲಕ್ಷಣಗಳು ಬೇರೆ. ಕಡತ ತೆರೆಯಲು ಬಹಳ ಹೊತ್ತು ಹಿಡಿಯುವುದು, ಹಳೆಯ ತಿರುಗುವ ಡಿಸ್ಕಿನಲ್ಲಿ ಟಿಕ್ ಟಿಕ್ ಸದ್ದು, ಈವೆಂಟ್ ವ್ಯೂವರಿನಲ್ಲಿ ಡಿಸ್ಕಿನ ಹೆಸರಿನಡಿ ಕೆಟ್ಟ ಬ್ಲಾಕಿನ ನಮೂದು. ಇವು ಕಂಡರೆ ಮೊದಲು ಪ್ರತಿ, ನಂತರ ಪರೀಕ್ಷೆ, ಕೊನೆಗೆ ಬದಲಾವಣೆ. ಎಸ್‌ಎಸ್‌ಡಿ ಯಲ್ಲಿ ಸದ್ದಿನ ಎಚ್ಚರಿಕೆಯೂ ಇಲ್ಲ. ನಿನ್ನೆಯವರೆಗೆ ಚೆನ್ನಾಗಿದ್ದುದು ಇಂದು ಕಾಣಿಸದೆ ಹೋಗಬಹುದು.

ತಂತ್ರಾಂಶದ ಕಾರಣಗಳು

ಯಂತ್ರಾಂಶವೆಲ್ಲ ಸರಿಯಿದ್ದೂ ನಿಲ್ಲುತ್ತಿದ್ದರೆ ತಂತ್ರಾಂಶವನ್ನು ನೋಡಬೇಕು. ಒಂದೇ ಯಂತ್ರದಲ್ಲಿ ಎರಡು ಆ್ಯಂಟಿವೈರಸ್‌ಗಳಿರುವುದು, ಪ್ರಿಂಟರಿನ ಅಥವಾ ತೂಕದ ಯಂತ್ರದ ಹಳೆಯ ಡ್ರೈವರ್, ಪರವಾನಗಿಯಿಲ್ಲದ ನಕಲು ತಂತ್ರಾಂಶ, ಇವು ನಮ್ಮಲ್ಲಿ ಹೆಚ್ಚಾಗಿ ಕಾಣುವ ಕಾರಣಗಳು. ಶಿಫ್ಟ್ ಕೀಲಿ ಹಿಡಿದು ರೀಸ್ಟಾರ್ಟ್ ಆಯ್ದರೆ ಬರುವ ಮೆನುವಿನ ಮೂಲಕ ಸೇಫ್ ಮೋಡ್‌ಗೆ ಹೋಗಬಹುದು. ಅಲ್ಲಿ ಅತ್ಯಗತ್ಯವಾದ ತಂತ್ರಾಂಶ ಮಾತ್ರ ನಡೆಯುತ್ತದೆ. ಅಲ್ಲಿ ಗಂಟೆಗಟ್ಟಲೆ ನಿಲ್ಲದೆ ನಡೆದರೆ ದೋಷ ಹೆಚ್ಚಾಗಿ ಡ್ರೈವರಿನಲ್ಲೋ ಹೊರಗಿನ ತಂತ್ರಾಂಶದಲ್ಲೋ ಇದೆ. ಅಲ್ಲಿಯೂ ನಿಂತರೆ ಯಂತ್ರಾಂಶದ ಕಡೆಗೆ ಮರಳಬೇಕು. ಒಂದು ಎಚ್ಚರಿಕೆ: ಈಚಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ಗೂಢಲಿಪಿಯಲ್ಲಿರುತ್ತದೆ. ಬಿಟ್‌ಲಾಕರಿನ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಮೊದಲೇ ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಬೇಕು. ಅದಿಲ್ಲದಿದ್ದರೆ ನಮ್ಮ ಲೆಕ್ಕಕ್ಕೆ ನಾವೇ ಹೊರಗಿನವರಾಗುತ್ತೇವೆ.

ತಂತ್ರಾಂಶದ ಒಂದು ತಪ್ಪು ಎಷ್ಟು ದೂರ ಹರಡಬಲ್ಲದೆಂಬುದಕ್ಕೆ 2024ರ ಜುಲೈ 19ರ ಘಟನೆ ಸಾಕ್ಷಿ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ದೋಷಯುಕ್ತ ನವೀಕರಣದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿ ನಿಂತವು. ಭಾರತೀಯ ಕಾಲಮಾನ ಬೆಳಗಿನ 9 ಗಂಟೆ 39 ನಿಮಿಷಕ್ಕೆ ಹೊರಟ ಆ ಕಡತವನ್ನು 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ, ಅಷ್ಟರಲ್ಲಿ ಕೆಟ್ಟ ಯಂತ್ರಗಳಲ್ಲಿ ಬಹಳಷ್ಟನ್ನು ಒಂದೊಂದಾಗಿ ಸೇಫ್ ಮೋಡ್‌ಗೆ ತಂದು ಕಡತ ಅಳಿಸಬೇಕಾಯಿತು. ಬಿಟ್‌ಲಾಕರ್ ಕೀಲಿ ಕೈಯಲ್ಲಿಲ್ಲದ ಕಡೆ ಈ ಕೆಲಸ ಮತ್ತಷ್ಟು ತಡವಾಯಿತು. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರ ತಪಾಸಣೆ ಅಸ್ತವ್ಯಸ್ತವಾಯಿತು. ದೇಶದ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಿಂದ ಬರೆದು ಕೊಡಲಾಯಿತು. ದೊಡ್ಡ ದೊಡ್ಡ ಸಂಸ್ಥೆಗಳ ಮಾನ ಉಳಿಸಿದ್ದು ಕಾಗದ ಮತ್ತು ಪೆನ್ನು ಎಂಬುದನ್ನು ನಮ್ಮ ವ್ಯಾಪಾರಸ್ಥರು ಗಮನಿಸಬೇಕು. ಬಿಲ್ ಪುಸ್ತಕವೊಂದು ಅಂಗಡಿಯಲ್ಲಿ ಸದಾ ಇರಲಿ.

ಹಾಗೆಂದು ನವೀಕರಣವನ್ನೇ ನಿಲ್ಲಿಸುವುದು ಸರಿಯಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಬೆಂಬಲವಿಲ್ಲದ ಯಂತ್ರ ಅಂತರಜಾಲದಲ್ಲಿ ಬೀಗವಿಲ್ಲದ ಗೋದಾಮಿದ್ದಂತೆ. ನವೀಕರಣವನ್ನು 11 ಮತ್ತು 20ನೆಯ ತಾರೀಖುಗಳ ಹಿಂದಿನ ದಿನ ಮಾಡದೆ, ವಿವರಪತ್ರ ಸಲ್ಲಿಸಿದ ಮರುದಿನ ಮಾಡುವುದು ಜಾಣತನ. ಇನ್ನೊಂದು ಮಾತು: ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಚಾಲೂ ಇರುವ ಯಂತ್ರವನ್ನು ದಿನವೂ ಶಟ್ ಡೌನ್ ಮಾಡಿದರೂ ಒಳಗಿನ ವ್ಯವಸ್ಥೆ ಪೂರ್ಣ ಹೊಸದಾಗುವುದಿಲ್ಲ, ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಬೇಕು.

ಒಂದು ಅಭ್ಯಾಸ

ಕ್ರಮ ಸ್ಪಷ್ಟವಾಗಲೆಂದು ಒಂದು ಒಣದ್ರಾಕ್ಷಿ ಘಟಕವನ್ನು ಊಹಿಸೋಣ. ಮಾರ್ಚ್ ತಿಂಗಳಲ್ಲಿ ಲ್ಯಾಪ್‌ಟಾಪ್ ಐದು ಬಾರಿ ನಿಂತಿದೆ. ಐದೂ ಬಾರಿ ಮಧ್ಯಾಹ್ನ, ಐದೂ ಬಾರಿ ದೀಪ ಆರಿದಂತೆ, ಸಂಕೇತ ಸೊನ್ನೆ. ಎಲ್ಲರೂ ಶಾಖವೆನ್ನುತ್ತಾರೆ, ಊಹೆ ಸಹಜವೂ ಹೌದು. ಹಾಗಾದರೆ ಶಾಖವೊಂದನ್ನೇ ಬದಲಿಸಿ ನೋಡೋಣ: ಯಂತ್ರವನ್ನು ಶುಚಿಗೊಳಿಸಿ ತಂಪಾದ ಕೋಣೆಗೆ ಒಯ್ದಿದ್ದಾಯಿತು. ಮೂರನೆಯ ದಿನ ತಳ ತಣ್ಣಗಿರುವಾಗಲೇ ಮತ್ತೆ ಎರಡೂವರೆಗೆ ನಿಂತಿತು. ಶಾಖದ ಊಹೆ ಬಿದ್ದುಹೋಯಿತು.

ಈಗ ನೋಟ್ ಬುಕ್ಕನ್ನು ಮತ್ತೆ ಓದೋಣ. ನಿಂತ ಸಮಯಗಳೆಲ್ಲ ಎರಡೂವರೆಯ ಆಸುಪಾಸು. ಆ ಹೊತ್ತಿಗೆ ತ್ರೀ ಫೇಸ್ ಕರೆಂಟು ಬರುತ್ತದೆ. ಜನರೇಟರಿನಿಂದ ಲೈನಿಗೆ ಚೇಂಜ್‌ಓವರ್ ಸ್ವಿಚ್ಚು ತಿರುಗಿಸಲಾಗುತ್ತದೆ. ತಿರುಗಿಸುವ ಒಂದು ಕ್ಷಣ ಕರೆಂಟಿಲ್ಲ. ಬಲ್ಬು ಮಿಟುಕಿ ಮತ್ತೆ ಹೊತ್ತಿಕೊಳ್ಳುತ್ತದೆ, ಯಾರೂ ಗಮನಿಸುವುದಿಲ್ಲ. ಅಡಾಪ್ಟರ್ ಕಿತ್ತು ನೋಡಿದರೆ ಲ್ಯಾಪ್‌ಟಾಪ್ ತಕ್ಷಣ ಆರುತ್ತದೆ. ಕಾರಣ ಸಿಕ್ಕಿತು: ಸತ್ತ ಬ್ಯಾಟರಿ ಮತ್ತು ಕ್ಷಣದ ಕಡಿತ. ಹೊಸ ಬ್ಯಾಟರಿ ಹಾಕಿ, ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಸ್ಥಿತಿಗೆ ತಿರುಗಿಸಿದರೆ ತೊಂದರೆ ಮುಗಿಯುತ್ತದೆ. ಮೊದಲ ಊಹೆಯನ್ನೇ ನಂಬಿ ಹೊಸ ಲ್ಯಾಪ್‌ಟಾಪ್ ಕೊಂಡಿದ್ದರೆ ಅಷ್ಟೂ ಹಣ ವ್ಯರ್ಥ.

ಈ ಅಭ್ಯಾಸದ ತಿರುಳು ಒಂದೇ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಬ್ಯಾಟರಿ, ಮೆಮೊರಿ, ವಿಂಡೋಸ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಹೋದೀತು, ಆದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಬಿಲ್ಲು ಮಾತ್ರ ಮೂರಕ್ಕೂ ಬರುತ್ತದೆ.

ದುರಸ್ತಿಗೆ ಒಯ್ಯುವಾಗ

ಲ್ಯಾಪ್‌ಟಾಪಿನೊಡನೆ ಅಡಾಪ್ಟರನ್ನೂ ನಿಮ್ಮ ನೋಟ್ ಬುಕ್ಕಿನ ಪುಟದ ನಕಲನ್ನೂ ಕೊಂಡೊಯ್ಯಿರಿ. ದುರಸ್ತಿಯ ಅಂಗಡಿಯ ತಂಪಾದ ಕೋಣೆಯಲ್ಲಿ, ಸ್ಥಿರವಾದ ಕರೆಂಟಿನಲ್ಲಿ ದೋಷ ಕಾಣಿಸದೆ ಹೋಗಬಹುದು. ಆಗ ನಿಮ್ಮ ಬರಹವೇ ತಂತ್ರಜ್ಞರಿಗೆ ದಾರಿದೀಪ. ಫಾರ್ಮ್ಯಾಟ್ ಮಾಡುವ ಮುನ್ನ ಕೇಳಬೇಕೆಂದು ರಸೀದಿಯಲ್ಲಿಯೇ ಬರೆಯಿಸಿರಿ. ಬ್ಯಾಂಕಿನ, ತೆರಿಗೆ ಜಾಲತಾಣಗಳ ಗುಪ್ತಪದಗಳು ಬ್ರೌಸರಿನಲ್ಲಿ ಉಳಿದಿದ್ದರೆ ಮೊದಲೇ ಅಳಿಸಿರಿ. ಬದಲಿಸಿದ ಹಳೆಯ ಭಾಗವನ್ನು ಮರಳಿ ಕೇಳಿ ಪಡೆಯಿರಿ. ವಿಶೇಷವಾಗಿ ಹಳೆಯ ಡಿಸ್ಕು ನಿಮ್ಮ ತಿಜೋರಿಯಲ್ಲಿರಲಿ.

ಪ್ರತಿಯ ಶಿಸ್ತು

ಎಷ್ಟು ಜಾಗರೂಕತೆ ವಹಿಸಿದರೂ ಒಂದು ದಿನ ಯಂತ್ರ ಕೆಡುವುದು ಖಚಿತ. ಆದುದರಿಂದ ಲೆಕ್ಕದ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಅಂಗಡಿಯ ಹೊರಗೆ, ಮನೆಯಲ್ಲೋ ಅಂತರಜಾಲದ ಸಂಗ್ರಹದಲ್ಲೋ ಇರಲಿ. ಹೊರಗಿನ ಡಿಸ್ಕನ್ನು ಸದಾ ಜೋಡಿಸಿಡದೆ ಕೆಲಸ ಮುಗಿದ ಕೂಡಲೇ ಕಿತ್ತಿಡಬೇಕು; ಇಲ್ಲವಾದರೆ ಏರುವೋಲ್ಟೇಜು ಅಥವಾ ವೈರಸ್ಸು ಎರಡನ್ನೂ ಒಟ್ಟಿಗೆ ನುಂಗುತ್ತದೆ. ಕಂಪನಿಯಾಗಿ ನೋಂದಾಯಿತರಾದವರು ಗಣಕದ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ದಿನವೂ ಇಡಬೇಕೆಂದು 2022ರ ಆಗಸ್ಟಿನ ತಿದ್ದುಪಡಿ ವಿಧಿಸಿದೆ. ಇತರರಿಗೂ ದಿನದ ಪ್ರತಿಯೇ ಸರಿಯಾದ ಅಳತೆ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಗಣಕದಲ್ಲಿ ತೆರೆದು, ನಿನ್ನೆಯ ರೋಖಡ ಶಿಲ್ಕು ತಾಳೆಯಾಗುವುದೇ ಎಂದು ನೋಡಬೇಕು. ತೆರೆದು ನೋಡದ ಪ್ರತಿ, ಪ್ರತಿಯೆಂದು ಹೇಳುವಂತಿಲ್ಲ.

ಮುಖ್ಯಾಂಶಗಳು

1. ನಿಂತ ಯಂತ್ರ ಮತ್ತೆ ಹೊತ್ತಿಕೊಂಡ ಕೂಡಲೇ ಲೆಕ್ಕದ ಹೊಸ ಪ್ರತಿ, ಹಳೆಯದನ್ನು ಅಳಿಸಬಾರದು.
2. ನಿಂತ ಬಗೆ, ಗಂಟೆ, ಸಂಕೇತಗಳನ್ನು ಬರೆದಿಡುವುದು.
3. ಶಾಖ, ಧೂಳು, ಬ್ಯಾಟರಿ, ಕರೆಂಟು ಮೊದಲು, ಮೆಮೊರಿ, ಡಿಸ್ಕು ನಂತರ, ಬಳಿಕ ತಂತ್ರಾಂಶ. ನೀಲಿ ಪರದೆ ಬಂದಿದ್ದರೆ ಸಂಕೇತ ತೋರುವ ಕಡೆಯಿಂದ ಆರಂಭ.
4. ಒಂದು ಸಲಕ್ಕೆ ಒಂದೇ ಬದಲಾವಣೆ.
5. ಇ-ವೇ ಬಿಲ್ ಮತ್ತು ಜಿಎಸ್‌ಟಿ ಜಾಲತಾಣಗಳನ್ನು ಬೇರೆ ಯಾವುದೇ ಗಣಕದಿಂದ ತೆರೆಯಬಹುದು. ಅದಕ್ಕೆ ಬೇಕಾದ ಬಳಕೆದಾರ ಹೆಸರು ಹಾಗೂ ನೋಂದಾಯಿತ ಮೊಬೈಲು ಮಾಲೀಕರ ಕೈಯಲ್ಲಿರಬೇಕು, ಗುಮಾಸ್ತರೊಬ್ಬರ ನೆನಪಿನಲ್ಲಿ ಮಾತ್ರ ಇರಬಾರದು.

ಲ್ಯಾಪ್‌ಟಾಪ್ ಬದಲಿಸಬಹುದಾದ ವಸ್ತು. ಅದರೊಳಗಿರುವ ವರ್ಷಗಳ ಉದ್ರಿ, ಜಮೆ, ದಾಸ್ತಾನುಗಳ ಲೆಕ್ಕವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಸದಸ್ಯ ಬಾಂಧವರು ಮುಂದಿನ 11ನೆಯ ತಾರೀಖು ಬರುವ ಮುನ್ನ ಅಡಾಪ್ಟರ್ ಕಿತ್ತು ಬ್ಯಾಟರಿಯನ್ನು ಪರೀಕ್ಷಿಸುವುದು, ಒಂದು ಪ್ರತಿಯನ್ನು ತೆರೆದು ನೋಡುವುದು ಎಂಬೆರಡು ಕೆಲಸಗಳನ್ನಾದರೂ ಮಾಡಿ ಮುಗಿಸಬೇಕೆಂದು ವಿನಂತಿ.